ಖಾಲಿ ಮನೆಯ ಒಂಬತ್ತು ಯೂನಿಟ್

ಮುಂದುವರಿದ ಹೇಳಿಕೆ

ಹೇಳಿಕೆ ಕೊಡುವವರು: ದೂರುದಾರಳು. ಹೆಸರು ಮತ್ತು ವಿಳಾಸ ಅಕ್ಟೋಬರ್ 12ರ ಮೊದಲ ಹೇಳಿಕೆಯಲ್ಲಿ ಇರುವಂತೆಯೇ. ವಯಸ್ಸು 53 ವರ್ಷ. ಉದ್ಯೋಗ: ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ, ಇಪ್ಪತ್ತಾರು ವರ್ಷದಿಂದ. ವಾಸ: ಬಾಡಿಗೆ ಮನೆ, ಮೂರನೇ ಮಹಡಿ, ಒಬ್ಬಳೇ.

ಈ ದಿನ ಅಕ್ಟೋಬರ್ 14, ಬುಧವಾರ, ಸಂಜೆ 6 ಗಂಟೆ 40 ನಿಮಿಷಕ್ಕೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವ ಸಂಗತಿ ಹೀಗಿದೆ. ಇಂದು ಮಧ್ಯಾಹ್ನ 2 ಗಂಟೆ 25 ನಿಮಿಷಕ್ಕೆ ನನ್ನ ತಾಯಿಯ ಬೀಗ ಹಾಕಿದ ಮನೆಯೊಳಗೆ ಸಿಕ್ಕಿದ ಹೆಂಗಸು ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರನ್ನು ಹಿಡಿಸಿದವಳು ನಾನು. ಕೇಸು ಹಾಕುವುದೋ ಬಿಡುವುದೋ ಎಂಬುದು ನನ್ನ ಮಾತಿನ ಮೇಲೆ ನಿಂತಿದೆ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದ್ದಾರೆ. ಕೇಸಾದರೆ ಆ ಹೆಂಗಸಿನ ಕೆಲಸವೂ ಹೋಗುತ್ತದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಸುತ್ತಿ ಬಳಸಿ ಹೇಳಬೇಡಿ, ತಾರೀಖು ಟೈಮು ಹೇಳಿ ಸಾಕು ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಎರಡು ಸಲ ಎಚ್ಚರಿಸಿದ್ದಾರೆ. ಸಾಧ್ಯವಾದಷ್ಟು ಹಾಗೆಯೇ ಹೇಳುತ್ತೇನೆ.

ನನ್ನ ತಾಯಿಗೆ 81 ವರ್ಷ. ವಿದ್ಯುತ್ ಕಚೇರಿಯ ಬಿಲ್ ಕೌಂಟರಿನಲ್ಲಿ 31 ವರ್ಷ ಕುಳಿತು ನಿವೃತ್ತರಾದವರು. ಒಂದು ಬಿಲ್ ಕೈಗೆ ಕೊಟ್ಟರೆ ಆ ಮನೆಯಲ್ಲಿ ಎಷ್ಟು ಜನ, ಯಾರಿಗೆ ಹುಷಾರಿಲ್ಲ, ಆ ತಿಂಗಳು ನೆಂಟರು ಬಂದಿದ್ದರೋ ಇಲ್ಲವೋ ಎಂದು ಹೇಳಬಲ್ಲರು. ಕಳೆದ ನವೆಂಬರಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಈಗ ಎರಡು ಮೆಟ್ಟಿಲು ಹತ್ತಲಾರರು. ತಲೆ ಮಾತ್ರ ನನಗಿಂತ ಚುರುಕು. ಈ ವರ್ಷ ಜನವರಿ 11, ಭಾನುವಾರ, ನಾನು ಮತ್ತು ನನ್ನ ತಮ್ಮ ಸೇರಿ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿದೆವು. ಅದು ನನ್ನ ಬಾಡಿಗೆ ಮನೆಯಿಂದ 3 ಕಿಲೋಮೀಟರ್. ತಾಯಿಯ ಸ್ವಂತ ಮನೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ, 14 ಕಿಲೋಮೀಟರ್, ಎರಡು ಬಸ್ಸು ಬದಲಾಯಿಸಬೇಕು.

ಮನೆಗೆ ಬೀಗ ಹಾಕುವಾಗ ಫ್ರಿಜ್ ಖಾಲಿ ಮಾಡಿ ಪ್ಲಗ್ ಕಿತ್ತೆವು. ಮೇನ್ ಸ್ವಿಚ್ ಮಾತ್ರ ಆರಿಸಬೇಡಿ, ಆರಿಸಿದರೆ ಮನೆ ಸತ್ತ ಹಾಗೆ ಎಂದು ತಾಯಿ ಹೇಳಿದ್ದರಿಂದ ಅದನ್ನು ಬಿಟ್ಟೆವು. ಬೀಗದ ಕೈ ಒಂದು ನನ್ನ ಹತ್ತಿರ, ಒಂದು ತಮ್ಮನ ಹತ್ತಿರ. ಮೂರನೆಯದು ಎಷ್ಟೋ ವರ್ಷದ ಹಿಂದೆ ಕಳೆದುಹೋಗಿದೆ ಎಂದು ನಮ್ಮೆಲ್ಲರ ನಂಬಿಕೆ. ಕರೆಂಟು, ನೀರು, ಫೋನು, ಮನೆ ಕಂದಾಯ ಎಲ್ಲವನ್ನೂ ಕಟ್ಟುವ ಜವಾಬ್ದಾರಿ ನಾನು ವಹಿಸಿಕೊಂಡೆ. ಬಿಲ್ಲುಗಳು ನನ್ನ ಮೊಬೈಲಿಗೆ ಬರುವಂತೆ ಮಾಡಿಸಿದೆ. ಆದರೆ ತಾಯಿಗೆ ಮೊಬೈಲಿನಲ್ಲಿ ತೋರಿಸಿದ್ದು ಬಿಲ್ಲೇ ಅಲ್ಲ, ಕಾಗದ ಬೇಕು. ಆದ್ದರಿಂದ ಪ್ರತಿ ತಿಂಗಳು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮೊದಲ ಭಾನುವಾರ ಕೊಂಡೊಯ್ದು ಕೊಡುತ್ತಿದ್ದೆ. ಮನೆಯಲ್ಲಿ ಅವರು ಬಿಲ್ಲುಗಳನ್ನು ಕಂಬಿಗೆ ಚುಚ್ಚಿ ಇಡುತ್ತಿದ್ದರು. ವೃದ್ಧಾಶ್ರಮದಲ್ಲಿ ಚೂಪಾದ ಕಂಬಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಒಂದು ದೊಡ್ಡ ಕ್ಲಿಪ್ ಹಾಕಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಹೊರಡುವ ದಿನ ತಾಯಿ ನನ್ನ ಹತ್ತಿರ ಒಂದೇ ಒಂದು ಮಾತು ಕೇಳಿದರು. ವಾರಕ್ಕೊಮ್ಮೆ ಹೋಗಿ ಕಿಟಕಿ ತೆಗೆದು, ಲೈಟು ಹಾಕಿ, ಒಂದು ಗಂಟೆ ಕೂತು ಬಾ ಎಂದರು. ಪ್ರತಿ ಭಾನುವಾರ ಸಂಜೆ 4ರಿಂದ 5ರವರೆಗೆ ಹೋಗುತ್ತೇನೆ ಎಂದು ನಾನು ಮಾತು ಕೊಟ್ಟೆ.

ಜನವರಿ 18, 25 ಮತ್ತು ಫೆಬ್ರವರಿ 1, ಈ ಮೂರು ಭಾನುವಾರ ಹೋದೆ. ಆಮೇಲೆ ಹೋಗಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ನಿಂತು ಹೊಲಿಗೆ ನೋಡುವ ಕೆಲಸದಿಂದ ನನ್ನ ಕಾಲು ಊದಿಕೊಳ್ಳುತ್ತದೆ. ಇರುವುದು ಅದೊಂದೇ ರಜೆ. ಇವೆಲ್ಲ ನಿಜವೇ, ಆದರೆ ಇವೇ ಪೂರ್ತಿ ಕಾರಣವಲ್ಲ. ಖಾಲಿ ಮನೆಯಲ್ಲಿ ಅವರ ಕುರ್ಚಿಯ ಎದುರು ಕೂರುವುದು ನನ್ನಿಂದ ಆಗಲಿಲ್ಲ. ಇದನ್ನು ಬರೆದುಕೊಳ್ಳಬೇಕೋ ಬೇಡವೋ ಹೆಡ್ ಕಾನ್‌ಸ್ಟೇಬಲ್ ಅವರಿಗೆ ಬಿಟ್ಟದ್ದು.

ಫೆಬ್ರವರಿ 15, ಭಾನುವಾರ, ಬೆಳಿಗ್ಗೆ 10 ಗಂಟೆ 30 ನಿಮಿಷಕ್ಕೆ ವೃದ್ಧಾಶ್ರಮಕ್ಕೆ ಹೋದಾಗ ಮನೆ ಹೇಗಿದೆ ಎಂದು ತಾಯಿ ಕೇಳಿದರು. ಹೋದ ವಾರ ಹೋಗಿದ್ದೆ, ಗಿಡಕ್ಕೆಲ್ಲ ನೀರು ಹಾಕಿದೆ ಎಂದು ಹೇಳಿದೆ. ಅದು ಸುಳ್ಳು. ಮೊದಲನೆಯದಾದ್ದರಿಂದ ತಡವರಿಸಿ ಹೇಳಿದೆ. ಆಮೇಲೆ ಸಲೀಸಾಯಿತು. ಸುಳ್ಳು ಹೇಳಿದರೂ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕು ಎನ್ನುತ್ತಾರಲ್ಲ, ಹಾಗೆ ವಾರವಾರವೂ ಒಂದೊಂದು ವಿವರ ಸೇರಿಸಿ ಹೇಳತೊಡಗಿದೆ. ಜೂನ್ 14ರಂದು ಪಡಸಾಲೆಯ ಕರ್ಟನ್ ಒಗೆದೆ ಎಂದೆ. ಜುಲೈ 19ರಂದು ಅವರ ಕುರ್ಚಿಯ ಅಲುಗಾಡುವ ಕಾಲಿಗೆ ತಂತಿ ಸುತ್ತಿ ಬಿಗಿ ಮಾಡಿದೆ ಎಂದೆ. ಆಗಸ್ಟ್ 16ರಂದು ಹಿತ್ತಿಲ ಬಾಗಿಲ ಮೇಲಿನ ಸುಟ್ಟುಹೋದ ಬಲ್ಬು ಬದಲಾಯಿಸಿದೆ ಎಂದೆ. ಇವುಗಳಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ.

ನಾನು ಹೀಗೆ ಹೇಳುವಾಗಲೆಲ್ಲ ತಾಯಿಯ ಕೋಣೆ ನೋಡಿಕೊಳ್ಳುವ ಆಯಾ ಅಲ್ಲೇ ಇರುತ್ತಿದ್ದರು. ಸುಮಾರು 45 ವರ್ಷ, ಮಾತು ಕಡಿಮೆ, ನಾನು ಮಾತಾಡುವಾಗ ತಾಯಿಯ ತಲೆ ಬಾಚುತ್ತಲೋ ಹಾಸಿಗೆ ಸರಿಮಾಡುತ್ತಲೋ ಕಿವಿ ಇತ್ತ ಇಟ್ಟಿರುತ್ತಿದ್ದರು. ಅವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಾನು ತಂದಿಡುತ್ತಿದ್ದ ಬಿಸ್ಕತ್ತಿನ ಡಬ್ಬಿ ಒಂದು ವಾರದಲ್ಲೇ ಅರ್ಧ ಖಾಲಿಯಾಗುತ್ತಿತ್ತು. ಏಪ್ರಿಲಿನಲ್ಲಿ ಎರಡು ವಾರ ಬಿಸ್ಕತ್ತು ಎಣಿಸಿ ಇಟ್ಟೆ. ದಿನಕ್ಕೆ ಇನ್ನೂರು ಅಂಗಿ ತಿರುಗಿಸಿ ತಿರುಗಿಸಿ ತಪ್ಪು ಹುಡುಕುವವಳಿಗೆ ಮನೆಗೆ ಬಂದ ಮೇಲೂ ಕಣ್ಣು ಸುಮ್ಮನಿರುವುದಿಲ್ಲ.

ಕರೆಂಟ್ ಬಿಲ್ಲಿನಲ್ಲಿ ಮಾರ್ಚ್ ತಿಂಗಳು ಸೊನ್ನೆ ಯೂನಿಟ್ ಬಂತು. ಏಪ್ರಿಲಿನಲ್ಲೂ ಸೊನ್ನೆ. ಮೇ 3ರಂದು ಮೂರನೇ ಸೊನ್ನೆಯ ಬಿಲ್ ಕೊಟ್ಟಾಗ ತಾಯಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, “ಹೋದಾಗ ಲೈಟ್ ಹಾಕ್ತೀಯಲ್ಲ?” ಎಂದು ಕೇಳಿದರು. ಹಾಕುತ್ತೇನೆ, ಮೀಟರ್ ಹಳೆಯದು, ಸ್ವಲ್ಪಸ್ವಲ್ಪಕ್ಕೆಲ್ಲ ತಿರುಗುವುದಿಲ್ಲ ಎಂದು ನಾನು ಉತ್ತರಿಸಿದೆ. ತಾಯಿ “ಹೂಂ” ಎಂದರು. ಬಿಲ್ಲನ್ನು ಕ್ಲಿಪ್ಪಿಗೆ ಸೇರಿಸಿದರು. ಆಯಾ ಕಿಟಕಿಯ ಹತ್ತಿರ ನಿಂತು ಟವೆಲ್ ಮಡಚುತ್ತಿದ್ದರು.

ಜೂನಿನಲ್ಲಿ ಮತ್ತೆ ಸೊನ್ನೆ. ಜುಲೈ ತಿಂಗಳ ಬಿಲ್ಲಿನಲ್ಲಿ ನಾಲ್ಕು ಯೂನಿಟ್ ಬಂತು.

ಬಿಲ್ಲನ್ನು ಎರಡು ಸಲ ಓದಿದೆ. ಬೀಗ ಹಾಕಿದ ಮನೆ, ನಾನು ಹೋಗಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು, ಹಾಗಾದರೆ ಕರೆಂಟ್ ಉರಿಸಿದವರು ಯಾರು? ಇನ್ನೊಂದು ಬೀಗದ ಕೈ ಇರುವುದು ತಮ್ಮನ ಹತ್ತಿರ. ಅವನು ಮದುವೆ ಸಮಾರಂಭಗಳಿಗೆ ಕುರ್ಚಿ, ಶಾಮಿಯಾನ ಬಾಡಿಗೆ ಕೊಡುವವನು. ಮನೆ ಸುಮ್ಮನೆ ಬಿದ್ದಿದೆಯಲ್ಲ ಅಕ್ಕಾ, ಸಾಮಾನು ಇಟ್ಟುಕೊಳ್ಳಲೇ ಎಂದು ಫೆಬ್ರವರಿಯಲ್ಲಿ ಒಮ್ಮೆ ಕೇಳಿದ್ದ, ನಾನು ಬೇಡ ಎಂದಿದ್ದೆ. ಜುಲೈ 6, ಸೋಮವಾರ, ರಾತ್ರಿ 8 ಗಂಟೆಗೆ ಫೋನ್ ಮಾಡಿ, ಮನೆಯಲ್ಲಿ ಯಾರನ್ನು ಇಟ್ಟಿದ್ದೀಯ ಎಂದು ಕೇಳಿದೆ. ಅವನು ಯಾರನ್ನೂ ಇಟ್ಟಿಲ್ಲ ಎಂದ. ಅವನ ದನಿ ಸ್ವಲ್ಪ ಏರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಆಮೇಲೆ ಬಾಯಲ್ಲೂ ಅಂದೆ. ಜುಲೈ 12ರಂದು ಅವನು ನನ್ನ ಮನೆಗೆ ಬಂದು, ಬಾಗಿಲಲ್ಲೇ ನಿಂತು, ಬೀಗದ ಕೈಯನ್ನು ಮೇಜಿನ ಮೇಲೆ ಎಸೆದ. “ತಾನು ಕಳ್ಳ, ಪರರ ನಂಬ ಅಂತಾರೆ ಅಕ್ಕಾ. ತಗೋ, ನೀನೇ ಇಟ್ಕೋ” ಎಂದು ಹೇಳಿ ಒಂದು ಲೋಟ ನೀರೂ ಕುಡಿಯದೆ ಇಳಿದು ಹೋದ. ಅಂದಿನಿಂದ ಫೋನ್ ಎತ್ತಿಲ್ಲ.

ಎರಡೂ ಬೀಗದ ಕೈ ನನ್ನ ಹತ್ತಿರ ಇದ್ದ ಮೇಲೂ ಆಗಸ್ಟಿನಲ್ಲಿ ಐದು ಯೂನಿಟ್ ಬಂತು. ಪಕ್ಕದ ಮನೆಯವರು ತಂತಿ ಎಳೆದುಕೊಂಡಿರಬಹುದು ಎಂದು ವಿದ್ಯುತ್ ಕಚೇರಿಗೆ ದೂರು ಕೊಟ್ಟೆ. ಆಗಸ್ಟ್ 20ರಂದು ಲೈನ್‌ಮನ್ ಗೇಟಿನ ಪಕ್ಕದ ಮೀಟರ್ ಪರೀಕ್ಷಿಸಿ ಫೋನ್ ಮಾಡಿದ. ಕಳ್ಳ ಕನೆಕ್ಷನ್ ಇಲ್ಲ, ಮೀಟರ್ ಸರಿಯಾಗಿದೆ ಎಂದ. ಸರಿಯಾಗಿ ನೋಡಿದೆಯಾ ಎಂದು ನಾನು ಮೂರು ಸಲ ಕೇಳಿದ್ದಕ್ಕೆ, “ಮೀಟರ್ ಸುಳ್ಳು ಹೇಳಲ್ಲ ಮೇಡಂ” ಎಂದು ಫೋನ್ ಇಟ್ಟ. ಸೆಪ್ಟೆಂಬರಿನಲ್ಲೂ ಐದು ಬಂತು.

ಈ ನಡುವೆ ಕಂಡ ಎರಡು ವಿಷಯಗಳನ್ನು ಇಲ್ಲೇ ಹೇಳಬೇಕು. ಆಗಸ್ಟ್ 2ರಂದು ತಾಯಿ ಹಾಕಿಕೊಂಡಿದ್ದ ಹತ್ತಿಯ ಅಂಗಿ ಗರಿಗರಿಯಾಗಿ ಇಸ್ತ್ರಿಯಾಗಿತ್ತು. ಕಾಲರ್ ಮಡಿಕೆ, ಗುಂಡಿ ಪಟ್ಟಿ, ತೋಳಿನ ಅಂಚು, ಎಲ್ಲೂ ಒಂದು ಸುಕ್ಕಿಲ್ಲ. ನನ್ನ ಕಣ್ಣಿಗೂ ತಪ್ಪು ಸಿಗಲಿಲ್ಲ. ಹೊರಗೆ ಬರುವಾಗ ಮ್ಯಾನೇಜರ್ ಅವರಿಗೆ, ನಿಮ್ಮಲ್ಲಿ ಇಸ್ತ್ರಿ ಬಹಳ ಚೆನ್ನಾಗಿ ಮಾಡುತ್ತಾರೆ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಹೌದು ಹೌದು ಮೇಡಂ, ನಮ್ಮಲ್ಲಿ ಎಲ್ಲಾ ನೀಟು” ಎಂದರು. ಅಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲವೆಂದು ನನಗೆ ತಿಳಿದದ್ದು ಇಂದು. ಎರಡನೆಯದು, ತಾಯಿಯ ಕ್ಲಿಪ್ಪಿನಲ್ಲಿ ಬಿಲ್ಲುಗಳ ಹಿಂದೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹಾಳೆಗಳು ಸೇರಿದ್ದವು. ಬೆನ್ನಲ್ಲಿ ಪೆನ್ಸಿಲಿನಿಂದ ಏನೋ ಬರೆದಿತ್ತು. ತಾಯಿ ಕಾಗದ ಬಿಸಾಡುವವರಲ್ಲ, ನನ್ನ ಹಾಗೆ ಅವರೂ ಬಿಸ್ಕತ್ತಿನ ಲೆಕ್ಕ ಇಟ್ಟಿರಬೇಕು ಎಂದು ಓದಲು ಹೋಗಲಿಲ್ಲ.

ಅಕ್ಟೋಬರ್ 4ರಂದು ಕೊಟ್ಟ ಬಿಲ್ಲಿನಲ್ಲಿ ಒಂಬತ್ತು ಯೂನಿಟ್ ಇತ್ತು. ತಾಯಿ ಅದನ್ನು ಓದಿ ಸ್ವಲ್ಪ ನಕ್ಕರು. ಆ ವಾರವಿಡೀ ನನಗೆ ಕಾರ್ಖಾನೆಯಲ್ಲಿ ಗಮನ ನಿಲ್ಲಲಿಲ್ಲ.

ಅಕ್ಟೋಬರ್ 11, ಭಾನುವಾರ, ಸಂಜೆ 4 ಗಂಟೆ 5 ನಿಮಿಷಕ್ಕೆ ಎಂಟು ತಿಂಗಳ ಮೇಲೆ ಮೊದಲ ಸಲ ತಾಯಿಯ ಮನೆಗೆ ಹೋದೆ. ಬೀಗ ಸರಿಯಾಗಿತ್ತು, ಒಡೆದ ಗುರುತಿಲ್ಲ. ಬಾಗಿಲು ತೆಗೆದಾಗ ಧೂಳಿನ ವಾಸನೆ ಬರಲಿಲ್ಲ, ಫಿನಾಯಿಲ್ ವಾಸನೆ ಬಂತು. ನೆಲದಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಇನ್ನೊಂದು ಗುರುತಿಲ್ಲ. ಕಿಟಕಿಯ ಕಟ್ಟೆಯ ಮೇಲಿನ ಮೂರು ಕುಂಡದ ಗಿಡಗಳೂ ಹಸಿರಾಗಿದ್ದವು. ಮೂರನೆಯದರಲ್ಲಿ ಹೊಸ ಚಿಗುರು ಇತ್ತು. ಗೋಡೆಯ ಕ್ಯಾಲೆಂಡರ್ ಜನವರಿ 11ರಲ್ಲಿ ನಿಂತಿರಬೇಕಿತ್ತು. ಅದರಲ್ಲಿ ಅಕ್ಟೋಬರ್ 7, ಬುಧವಾರ ಎಂದಿತ್ತು.

ನಾನು ಪಡಸಾಲೆಯ ಕರ್ಟನ್ ಮುಟ್ಟಿ ನೋಡಿದೆ. ಒಗೆದಿತ್ತು. ಕುರ್ಚಿಯ ಕಾಲು ನೋಡಿದೆ. ತಂತಿ ಸುತ್ತಿ ಬಿಗಿ ಮಾಡಿತ್ತು. ಹಿತ್ತಿಲ ಬಾಗಿಲಿಗೆ ಹೋಗಿ ಸ್ವಿಚ್ ಹಾಕಿದೆ. ಹೊಸ ಬಲ್ಬು ಹತ್ತಿಕೊಂಡಿತು. ನಾನು ಹೇಳಿದ ಸುಳ್ಳುಗಳೆಲ್ಲ ಆ ಮನೆಯಲ್ಲಿ ನಿಜವಾಗಿ ಕೂತಿದ್ದವು. ಏನೂ ಕಳುವಾಗಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಕದಿಯಲು ಬಂದವನು ಕದ್ದು ಹೋಗುತ್ತಾನೆ. ಇವನು ಯಾರೋ ನನ್ನ ಮಾತನ್ನು ಕದ್ದು ಕೇಳಿ, ನನ್ನನ್ನು ಆಡಿಸುತ್ತಿದ್ದಾನೆ ಎಂದು ಅನ್ನಿಸಿತು.

4 ಗಂಟೆ 40 ನಿಮಿಷಕ್ಕೆ ಎದುರಿನ ಸೈಕಲ್ ರಿಪೇರಿ ಅಂಗಡಿಯವರನ್ನು ವಿಚಾರಿಸಿದೆ. “ಬುಧವಾರ ಬುಧವಾರ ಬರ್ತಾರಲ್ಲ, ಎರಡು ಗಂಟೆ ಹೊತ್ತಿಗೆ. ನಿಮ್ಮ ತಂಗಿ ಅಂದ್ಕೊಂಡಿದ್ದೆ, ಅಷ್ಟು ಅಚ್ಚುಕಟ್ಟು. ಎಂಟು ತಿಂಗಳಿಂದ ಕಾಣದೇ ಇದ್ದೋರು ನೀವು” ಎಂದರು. ನನಗೆ ತಂಗಿ ಇಲ್ಲ.

ಅಕ್ಟೋಬರ್ 12, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಈ ಠಾಣೆಗೆ ಬಂದು ಮೊದಲ ಹೇಳಿಕೆ ಕೊಟ್ಟೆ. ಯೂನಿಟ್ ಲೆಕ್ಕ ಮತ್ತು ಸೈಕಲ್ ಅಂಗಡಿಯವರ ಮಾತು ಹೇಳಿದೆ. ತಮ್ಮನ ಮೇಲೆ ಅನುಮಾನ ಇದೆ, ಅವನು ನಕಲಿ ಬೀಗದ ಕೈ ಮಾಡಿಸಿರಬಹುದು ಎಂದೆ. ನೀವು ಮನೆಗೆ ಹೋಗುತ್ತಿರಲಿಲ್ಲವೇ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಕೇಳಿದಾಗ, ಪ್ರತಿ ಭಾನುವಾರ ಹೋಗಿ ಕಸ ಗುಡಿಸಿ ಬರುತ್ತೇನೆ, ಆದರೆ ಸ್ವಿಚ್ ಮುಟ್ಟುವುದಿಲ್ಲ ಎಂದು ಹೇಳಿದೆ. “ಕತ್ತಲೇಲಿ ಕಸ ಗುಡಿಸ್ತೀರಾ?” ಎಂದು ಅವರು ಕೇಳಿದರು. ಹಗಲು ಹೊತ್ತು ಸರ್ ಎಂದೆ. ಎಂಟು ತಿಂಗಳು ಅಮ್ಮನ ಮನೆ ಕಡೆ ತಲೆ ಹಾಕಿಲ್ಲ ಎಂದು ಪೊಲೀಸರ ಮುಂದೆ ಹೇಳಲು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ಸಲ ಹೇಳಿದ ಮಾತು ಬಾಯಿಗೆ ರೂಢಿಯಾಗಿರುತ್ತದೆ, ಕೇಳಿದ ಕೂಡಲೇ ತಾನಾಗಿ ಬಂತು. ಮನೆ ಗುಡಿಸಿತ್ತು, ಕರ್ಟನ್ ಒಗೆದಿತ್ತು ಎಂಬುದನ್ನು ಇದೇ ಕಾರಣಕ್ಕೆ ಮುಚ್ಚಿಟ್ಟೆ.

ಅಕ್ಟೋಬರ್ 13ರಂದು ನನ್ನ ತಮ್ಮನನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ಠಾಣೆಯಲ್ಲಿ ಕೂರಿಸಿ ವಿಚಾರಿಸಿದರು ಎಂದು ಗೊತ್ತಾಯಿತು. ಅವನೂ ಅದೇ ಹೊರಗಿನ ಬೆಂಚಿನ ಮೇಲೆ ಕೂತಿದ್ದನಂತೆ.

ಇಂದು ಅಕ್ಟೋಬರ್ 14, ಮಧ್ಯಾಹ್ನ 1 ಗಂಟೆ 30 ನಿಮಿಷದಿಂದ ನಾನು ಮತ್ತು ಮಫ್ತಿಯಲ್ಲಿದ್ದ ಕಾನ್‌ಸ್ಟೇಬಲ್ ಸೈಕಲ್ ಅಂಗಡಿಯೊಳಗೆ ಕಾದು ಕುಳಿತೆವು. 2 ಗಂಟೆ 10 ನಿಮಿಷಕ್ಕೆ ಒಬ್ಬ ಹೆಂಗಸು ಕೈಯಲ್ಲಿ ದೊಡ್ಡ ಬಟ್ಟೆಯ ಗಂಟು ಹಿಡಿದು ಬಂದು, ಚೀಲದಿಂದ ಬೀಗದ ಕೈ ತೆಗೆದು, ಬಾಗಿಲು ತೆರೆದು ಒಳಗೆ ಹೋದರು. ಮುಖ ಕಾಣಲಿಲ್ಲ. ಕಿಟಕಿ ತೆರೆದುಕೊಂಡಿತು. ಲೈಟು ಹತ್ತಿತು. 2 ಗಂಟೆ 25 ನಿಮಿಷಕ್ಕೆ ನಾವು ಒಳಗೆ ನುಗ್ಗಿದೆವು.

ತಾಯಿಯ ಕೋಣೆಯ ಆಯಾ ಊಟದ ಮೇಜಿನ ಮೇಲೆ ಕಂಬಳಿ ಹಾಸಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಅವರು ಓಡಲಿಲ್ಲ, ಕೂಗಲಿಲ್ಲ. “ಒಂದ್ನಿಮಿಷ, ಬಟ್ಟೆ ಸುಟ್ಟೋಗುತ್ತೆ” ಎಂದು ಹೇಳಿ ಮೊದಲು ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತರು. ಆಮೇಲೆ ಕೈ ಕಟ್ಟಿ ನಿಂತರು. ನಾನು ಬಾಯಿಗೆ ಬಂದಂತೆ ಬೈದೆ. ಕಳ್ಳಿ ಎಂದೆ, ಉಂಡ ಮನೆಗೆ ಎರಡು ಬಗೆಯುವವಳು ಎಂದೆ, ಬಿಸ್ಕತ್ತಿನ ವಿಷಯವನ್ನೂ ಎತ್ತಿದೆ. ಅವರ ಎಡ ಮೊಣಕೈ ಕೆಳಗಿರುವ ಉಗುರಿನ ಗುರುತು ನನ್ನದು. ಕಾನ್‌ಸ್ಟೇಬಲ್ ನನ್ನನ್ನು ಬಿಡಿಸಿದರು. ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಆಯಾ, “ಅಮ್ಮನ್ನೇ ಕೇಳಿ. ನಾನು ಮಾತು ಕೊಟ್ಟಿದೀನಿ” ಎಂದು ಒಂದೇ ಮಾತು ಹೇಳಿದರು. ಆಮೇಲೆ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಅವರ ಚೀಲದಲ್ಲಿ ಸಿಕ್ಕಿದ್ದು ಒಂದು ಬೀಗದ ಕೈ, ನೀರಿನ ಬಾಟಲಿ, ಮತ್ತು ಅಕ್ಟೋಬರ್ 7ರಿಂದ 13ರವರೆಗಿನ ಏಳು ಕ್ಯಾಲೆಂಡರ್ ಹಾಳೆ. ಗೋಡೆಯ ಮೇಲೆ ಇಂದಿನ ತಾರೀಖು ಇತ್ತು.

ಅವರನ್ನು ಠಾಣೆಗೆ ಕರೆದೊಯ್ದ ಮೇಲೆ ನಾನು ಆಟೋದಲ್ಲಿ ವೃದ್ಧಾಶ್ರಮಕ್ಕೆ ಹೋದೆ. 4 ಗಂಟೆ 10 ನಿಮಿಷಕ್ಕೆ ತಲುಪಿದೆ. ಮ್ಯಾನೇಜರ್ ಬಾಗಿಲಲ್ಲೇ ನಿಂತು, ಪೊಲೀಸ್ ಕೇಸಾದವರನ್ನು ಇಟ್ಟುಕೊಳ್ಳುವುದಿಲ್ಲ, ನಾಳೆಯಿಂದ ಬೇರೆ ಆಯಾ ಬರುತ್ತಾರೆ ಎಂದು ನನ್ನನ್ನು ಸಮಾಧಾನಪಡಿಸಿದರು. ಇವತ್ತು ಬುಧವಾರ, ಅವಳಿಗೆ ಅರ್ಧ ದಿನ ರಜೆ, ರಜೆಯಲ್ಲಿ ಏನು ಮಾಡಿದರೂ ನಾವು ಹೊಣೆಯಲ್ಲ ಎಂದೂ ಸೇರಿಸಿದರು.

ತಾಯಿ ಹಾಸಿಗೆಯ ಮೇಲೆ ಒರಗಿ ಗಡಿಯಾರ ನೋಡುತ್ತಿದ್ದರು. ನನ್ನನ್ನು ಕಂಡು, ಬುಧವಾರ ಯಾಕೆ ಬಂದೆ ಎಂದು ಕೇಳಲಿಲ್ಲ. “ಅವಳೆಲ್ಲಿ? ನಾಲ್ಕಕ್ಕೆಲ್ಲ ಬರ್ತಿದ್ಲು” ಎಂದರು. ಠಾಣೆಯಲ್ಲಿದ್ದಾಳೆ ಎಂದೆ. ತಾಯಿ ಕನ್ನಡಕ ತೆಗೆದು ಅದರ ಡಬ್ಬಿಯೊಳಗೆ ಇಟ್ಟರು. ಕಳೆದುಹೋಗಿದೆ ಎಂದು ನಾವು ನಂಬಿದ್ದ ಮೂರನೇ ಬೀಗದ ಕೈ ಇಷ್ಟು ವರ್ಷ ಅದೇ ಡಬ್ಬಿಯಲ್ಲಿ, ಒರೆಸುವ ಬಟ್ಟೆಯ ಕೆಳಗೆ ಇತ್ತಂತೆ. ಮೇ ತಿಂಗಳಲ್ಲಿ ಅದನ್ನು ಆಯಾಳ ಕೈಗೆ ಕೊಟ್ಟವರು ತಾಯಿಯೇ.

ತಾಯಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತೇನೆ. “ಮೊದಲ್ನೇ ಸೊನ್ನೆ ಬಂದಾಗ ನಿಂಗೆ ಹುಷಾರಿಲ್ವೇನೋ ಅಂದ್ಕೊಂಡೆ. ಎರಡ್ನೇದಕ್ಕೆ ಕೆಲ್ಸ ಜಾಸ್ತಿ ಅಂದ್ಕೊಂಡೆ. ಮೂರ್ನೇ ಸಲ ಮೀಟರ್ ಹಳೇದು ಅಂದೆ ನೋಡು, ಮೂವತ್ತೊಂದು ವರ್ಷ ಕೌಂಟರಲ್ಲಿ ಕೂತೋಳಿಗೆ ಮೀಟರ್ ಕಥೆ ಹೇಳ್ತೀಯಾ? ನೀನು ಹೋಗ್ಲಿಲ್ಲ ಅಂತ ಬೇಜಾರಿಲ್ಲಮ್ಮ. ನಿನ್ ಕಾಲು ನಂಗ್ ಗೊತ್ತಿಲ್ವಾ? ಆದ್ರೆ ತಿಂಗಳಿಗೊಂದ್ಸಲ ಆ ಚೀಟಿ ಬಂದು, ನಿನ್ನ ಮಗಳು ಸುಳ್ಳು ಹೇಳ್ತಾಳೆ ಅಂತ ನನ್ ಕೈಲೇ ಓದಿಸ್ತಿತ್ತು. ಅದನ್ನ ಮಾತ್ರ ನೋಡಕ್ಕಾಗ್ಲಿಲ್ಲ. ನೀನು ಏನೇನು ಮಾಡ್ದೆ ಅಂತೀಯೋ ಅದನ್ನೆಲ್ಲ ಮಾಡಿ ಬಾ ಅಂತ ಅವಳನ್ನ ಕಳಿಸ್ದೆ.”

ಮೊದಲ ತಿಂಗಳು ಬರೀ ಲೈಟು, ಫ್ಯಾನು ಹಾಕಿದ್ದರಿಂದ ಬಿಲ್ಲಿನಲ್ಲಿ ಯೂನಿಟ್ ಬರಲಿಲ್ಲವಂತೆ. ಒಂದು ಗಂಟೆ ಇಸ್ತ್ರಿ ಮಾಡಿದರೆ ಒಂದು ಯೂನಿಟ್ ಎಂದು ಲೆಕ್ಕ ಹಾಕಿ, ತಾಯಿ ಬಟ್ಟೆ ಕೊಟ್ಟು ಕಳಿಸಿದರಂತೆ. ಗರಿಗರಿ ಅಂಗಿ ಕಂಡು ಕೋಣೆಯಲ್ಲಿರುವ ಇನ್ನು ನಾಲ್ಕು ಜನ ಮುದುಕಿಯರೂ ತಮ್ಮದನ್ನು ಕೊಡತೊಡಗಿದರಂತೆ. ಐದು ಏರಿ ಒಂಬತ್ತಾದದ್ದು ಹಾಗೆ. ಆಯಾ ಇದಕ್ಕೆ ಬಸ್ಸಿನ ಚಾರ್ಜು ಬಿಟ್ಟು ಏನೂ ತೆಗೆದುಕೊಂಡಿಲ್ಲ. ಆರು ಜನ ಮಲಗುವ ಕೋಣೆಯಲ್ಲಿ ವಾಸ ಮಾಡುವ ತನಗೆ ಆ ಮನೆಯಲ್ಲಿ ಒಂದು ಗಂಟೆ ರೇಡಿಯೋ ಕೇಳುವುದೇ ಸಂಬಳ ಎಂದಿದ್ದರಂತೆ. ಬಿಸ್ಕತ್ತು ತಿಂದದ್ದೂ ಆ ನಾಲ್ಕು ಜನ ಮುದುಕಿಯರೇ.

ನನ್ನನ್ನೇ ಕೇಳಬಹುದಿತ್ತಲ್ಲ ಅಮ್ಮಾ ಎಂದೆ. “ಕೇಳಿದ್ರೆ ನೀನು ಭಾನುವಾರ ಇಲ್ಲಿಗೆ ಬರೋದೂ ನಿಲ್ಲಿಸ್ತಿದ್ದೆ” ಎಂದರು.

ಆಮೇಲೆ ಅವರು ಕ್ಲಿಪ್ ಬಿಚ್ಚಿ ಕ್ಯಾಲೆಂಡರಿನ ಹಾಳೆಗಳನ್ನು ಕೊಟ್ಟರು. ತಾಯಿಗೆ ಯಾರ ಮಾತಿಗೂ ರಸೀದಿ ಬೇಕು. ಆಯಾ ಮನೆಗೆ ಹೋಗಿದ್ದಕ್ಕೆ ಸಾಕ್ಷಿಯಾಗಿ ವಾರವಾರವೂ ಗೋಡೆಯ ಹಾಳೆ ಹರಿದು ತರಬೇಕಿತ್ತು. ಅವುಗಳಲ್ಲಿ ಇಪ್ಪತ್ತೊಂದು ಹಾಳೆಗಳ ಬೆನ್ನಲ್ಲಿ ತಾಯಿಯ ಕೈಬರಹವಿದೆ. “ಕರ್ಟನ್ ಒಗೆದಳಂತೆ.” “ಕುರ್ಚಿಗೆ ತಂತಿ ಸುತ್ತಿದಳಂತೆ.” “ಬಲ್ಬು ಹಾಕಿದಳಂತೆ.” ಪ್ರತಿಯೊಂದರ ಮುಂದೆ ಆಯಾಳ ಕೈಯ ಒಂದು ಸರಿ ಗುರುತು. ಅಕ್ಟೋಬರ್ 4ರಂದು ಬರೆದ ಹಾಳೆಯಲ್ಲಿ ಮಾತ್ರ ಬೇರೆ ಇದೆ: “ಕಾಲು ಊದಿದೆ. ಏನೂ ಹೇಳಲಿಲ್ಲ. ಸುಮ್ಮನೆ ಗುಡಿಸಿ ಬಾ.” ಇಪ್ಪತ್ತೊಂದು ಹಾಳೆಗಳನ್ನೂ ಈ ಹೇಳಿಕೆಯ ಜೊತೆ ಹಾಜರುಪಡಿಸಿದ್ದೇನೆ. ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ, ತಾಯಿ ಎಣಿಸಿ ಕೊಟ್ಟಿದ್ದಾರೆ.

ಆದ್ದರಿಂದ ಆಯಾ ಅವರು ಮನೆಯ ಒಡತಿ ಕೊಟ್ಟ ಬೀಗದ ಕೈಯಿಂದ, ಒಡತಿ ಹೇಳಿದ ಕೆಲಸಕ್ಕೆ ಒಳಗೆ ಹೋದವರು. ಅವರ ಮೇಲೆ ನನ್ನ ದೂರು ಇಲ್ಲ. ಅವರ ತಪ್ಪೇನೂ ಇಲ್ಲ ಎಂದು ಮ್ಯಾನೇಜರ್ ಅವರಿಗೆ ಠಾಣೆಯಿಂದಲೇ ಫೋನ್ ಮಾಡಿ ತಿಳಿಸಬೇಕು. ನಾನು ಹೇಳಿದರೆ ಅವರು “ಹೌದು ಹೌದು ಮೇಡಂ” ಎಂದು ಸುಮ್ಮನಾಗುತ್ತಾರೆ. ನನ್ನ ತಮ್ಮನ ಮೇಲೆ ಅನುಮಾನ ಎಂದು ಬರೆಸಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. 5 ಗಂಟೆ 50 ನಿಮಿಷಕ್ಕೆ ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡುತ್ತೇನೆ.

ವಶಪಡಿಸಿಕೊಂಡ ಬೀಗದ ಕೈಯನ್ನು ಮನೆಯವರಾದ ನಿಮಗೇ ಕೊಡುತ್ತೇವೆ, ಸಹಿ ಮಾಡಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದರು. ನನಗೆ ಬೇಡ. ನನ್ನ ಹತ್ತಿರ ಎರಡಿವೆ, ಎರಡೂ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದವು. ಅದನ್ನು ಯಾರ ಚೀಲದಿಂದ ತೆಗೆದರೋ ಅವರಿಗೇ, ನನ್ನ ಎದುರಿಗೇ ಕೊಡಬೇಕು. ಮೇಜಿನ ಮೇಲೆ ಅರ್ಧ ಇಸ್ತ್ರಿಯಾದ ಬಟ್ಟೆ ಉಳಿದಿದೆ. ಅವರು ಒಪ್ಪಿದರೆ ಇಬ್ಬರೂ ಹೋಗಿ ಮುಗಿಸುತ್ತೇವೆ. ಒಪ್ಪದಿದ್ದರೆ ನಾನೊಬ್ಬಳೇ ಹೋಗುತ್ತೇನೆ.

ಕೊನೆಯದಾಗಿ. ಪೊಲೀಸರಿಗೆ ಸುಳ್ಳು ಹೇಳಿಕೆ ಕೊಡುವುದು ಅಪರಾಧ, ಯೋಚಿಸಿ ಹೇಳಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಪೆನ್ನು ಕೆಳಗಿಟ್ಟು ಹೇಳಿದರು. ಯೋಚಿಸಿದ್ದೇನೆ. ಅವರು ಪೆನ್ನು ಎತ್ತಿಕೊಳ್ಳಬಹುದು. ನಾನು ಅಕ್ಟೋಬರ್ 12ರಂದು ಸಹಿ ಮಾಡಿದ ಮೊದಲ ಹೇಳಿಕೆಯ ಏಳನೇ ಸಾಲಿನಲ್ಲಿ “ನಾನು ಪ್ರತಿ ಭಾನುವಾರ ತಾಯಿಯ ಮನೆಗೆ ಹೋಗಿ ಬರುತ್ತೇನೆ” ಎಂದು ಇದೆ. ಅದು ಸುಳ್ಳು. ಅದಕ್ಕೆ ಕಾನೂನಿನಲ್ಲಿ ಏನಿದೆಯೋ ಅದನ್ನು ಮಾಡಬಹುದು. ಆ ಸಾಲನ್ನು ನಿಜ ಮಾಡಲು ತಾಯಿ ಇನ್ನು ಯಾರನ್ನೂ ಕಳಿಸಬಾರದು.

ಇಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದರು, ಕೇಳಿದ್ದೇನೆ. ನಾನು ಹೇಳಿದ ಹಾಗೆಯೇ ಇದೆ, ಮತ್ತು ಈ ಸಲ ನಡೆದ ಹಾಗೆಯೂ ಇದೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೋಣೆ
ದಿನಾಂಕ: ಅಕ್ಟೋಬರ್ 14, ಬುಧವಾರ, ಸಂಜೆ 7 ಗಂಟೆ 55 ನಿಮಿಷ

(ಸಹಿ)
ದೂರುದಾರಳು